ಪ್ಯಾರಾ ಹನ್ನೊಂದು

ಶಾಲೆಯ ಗುರುತಿನ ಕಾರ್ಡಿನಲ್ಲಿದ್ದ ರಕ್ತದ ಗುಂಪಿನಿಂದ ಶುರುವಾದ ಕೇಸು ಅದು.

ನನ್ನ ಕಕ್ಷಿದಾರನಿಗೆ ಆಗ ನಲವತ್ತನಾಲ್ಕು ವರ್ಷ. ಉಡುಪಿ ಕಡೆಯವನು, ಕೋಪರಖೈರಣೆಯಲ್ಲಿ ಅಣ್ಣನ ಜತೆ ಸೇರಿ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದ. ಊರವರ ಸಂಘದ ರಕ್ತದಾನ ಶಿಬಿರದಲ್ಲಿ ಪ್ರತಿವರ್ಷ ರಕ್ತ ಕೊಡುತ್ತಿದ್ದವನಾದ್ದರಿಂದ ತನ್ನದು 'ಓ' ಎಂದು ಅವನಿಗೆ ಸರಿಯಾಗಿ ಗೊತ್ತಿತ್ತು. ನಾಲ್ಕನೇ ಕ್ಲಾಸಿನ ಮಗಳಿಗೆ ಬಂದ ಹೊಸ ಕಾರ್ಡಿನಲ್ಲಿ 'ಎಬಿ' ಎಂದಿತ್ತು. ಪ್ರಿಂಟಿನ ತಪ್ಪೆಂದು ಶಾಲೆಯವರ ಹತ್ತಿರ ಜಗಳ ಮಾಡಿ, ಲ್ಯಾಬಿನಲ್ಲಿ ಮತ್ತೊಮ್ಮೆ ನೋಡಿಸಿದ. ಎಬಿಯೇ ಬಂತು. ದಿನಾ ಬೆಳಿಗ್ಗೆ ಇಡ್ಲಿಗೆ ಬರುವ ಡಾಕ್ಟರೊಬ್ಬರನ್ನು, ಬೇರೆ ಯಾರದೋ ಸಂಗತಿ ಎನ್ನುವಂತೆ ಕೇಳಿದ. ಅಪ್ಪ ಓ ಆಗಿದ್ದರೆ ಮಗು ಎಬಿ ಆಗುವುದಿಲ್ಲ ಎಂದು ಅವರು ಚಟ್ನಿ ಹಾಕಿಸಿಕೊಳ್ಳುತ್ತಲೇ ಹೇಳಿದರಂತೆ. ಆಮೇಲೆ ಅವನು, ಹಲ್ಲಿನ ಡಾಕ್ಟರಿಗೆ ಬೇಕೆಂದು ಮಗಳಿಗೆ ಸುಳ್ಳು ಹೇಳಿ, ಹತ್ತಿ ಸುತ್ತಿದ ಕಡ್ಡಿಯಿಂದ ಅವಳ ಕೆನ್ನೆಯ ಒಳಗೆ ಸವರಿ, ಖಾಸಗಿ ಲ್ಯಾಬೊಂದಕ್ಕೆ ಕೊರಿಯರ್ ಮಾಡಿದ.

ಆ ವರದಿ ಬಂದ ದಿನ ಮನೆಯಲ್ಲಿ ಏನೇನು ನಡೆಯಿತೆಂದು ಅವನು ನನಗೆ ಪೂರ್ತಿ ಹೇಳಲಿಲ್ಲ. ಹೆಂಡತಿ ಮಗಳನ್ನು ಕರೆದುಕೊಂಡು ಠಾಕುರ್ಲಿಯ ತಾಯಿಮನೆಗೆ ಹೋದಳು, ಹುಡುಗಿಯನ್ನು ಅಲ್ಲಿಯೇ ಹತ್ತಿರದ ಶಾಲೆಗೆ ಸೇರಿಸಿದಳು. ಎರಡು ತಿಂಗಳಲ್ಲಿ ಠಾಣೆ ನಗರದ ಫ್ಯಾಮಿಲಿ ಕೋರ್ಟಿನಿಂದ ಜೀವನಾಂಶದ ನೋಟೀಸು ಬಂತು. ಒಂದು ಕೈಯಲ್ಲಿ ನೋಟೀಸು, ಇನ್ನೊಂದರಲ್ಲಿ ಲ್ಯಾಬಿನ ವರದಿ ಹಿಡಿದುಕೊಂಡು ಅವನು ಡೊಂಬಿವ್ಲಿಯ ನನ್ನ ಆಫೀಸಿಗೆ ಬಂದ.

"ಅಕ್ಕಾ, ನನ್ನ ಮಗುವೇ ಅಲ್ಲ ಅಂದ ಮೇಲೆ ನಾನು ಯಾಕೆ ಕೊಡ್ಬೇಕು?"

ನಮ್ಮಿಬ್ಬರದೂ ಮನೆಮಾತು ತುಳು. ಅವನು ಹೇಳಿದ್ದೆಲ್ಲ ತುಳುವಿನಲ್ಲೇ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಇಂಥ ವರದಿ ತಂದವರಿಗೆಲ್ಲ ಹೇಳುವುದನ್ನೇ ಅವನಿಗೂ ಹೇಳಿದೆ. ಮದುವೆ ಜಾರಿಯಲ್ಲಿರುವಾಗ ಹುಟ್ಟಿದ ಮಗು ಗಂಡನದೇ ಎಂದು ಕಾನೂನು ಹಿಡಿಯುತ್ತದೆ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಅದು ನೂರ ಹನ್ನೆರಡನೇ ಕಲಮು, ಹೊಸದರಲ್ಲಿ ನೂರ ಹದಿನಾರು. ನಂಬರು ಬದಲಾಗಿದೆ, ಮಾತು ಅದೇ. ಅದನ್ನು ಒಡೆಯಬೇಕಾದರೆ ಮಗು ಹೊಟ್ಟೆಗೆ ಬಂದ ಕಾಲದಲ್ಲಿ ಗಂಡ ಹೆಂಡತಿ ಒಬ್ಬರನ್ನೊಬ್ಬರು ಸೇರುವ ಅವಕಾಶವೇ ಇರಲಿಲ್ಲ ಎಂದು ತೋರಿಸಬೇಕು. ಕದ್ದು ತೆಗೆಸಿದ ವರದಿಯನ್ನು ಯಾವ ನ್ಯಾಯಾಧೀಶರೂ ಅಷ್ಟು ಸುಲಭವಾಗಿ ಮುಟ್ಟುವುದಿಲ್ಲ. ಕೋರ್ಟೇ ಪರೀಕ್ಷೆಗೆ ಆದೇಶ ಕೊಡಬೇಕು, ಅದೂ ಗಟ್ಟಿ ಕಾರಣವಿದ್ದರೆ ಮಾತ್ರ.

"ಅವಕಾಶ ಎಲ್ಲಿತ್ತು ಅಕ್ಕಾ? ಅಪ್ಪನಿಗೆ ಹುಷಾರಿಲ್ಲದೆ ನಾನು ನಾಲ್ಕು ತಿಂಗಳು ಊರಲ್ಲೇ ಇದ್ದೆ. ಅಕ್ಟೋಬರಿನಿಂದ ಜನವರಿ ತನಕ. ಇವಳು ಹುಟ್ಟಿದ್ದು ಆಗಸ್ಟಿನಲ್ಲಿ. ನೀವೇ ಲೆಕ್ಕ ಹಾಕಿ."

ಲೆಕ್ಕ ಹಾಕಿದೆ. ಸಣ್ಣ ದಾರಿಯೊಂದು ಕಂಡಿತು. ಆದರೂ ಮೊದಲು ಮಧ್ಯಸ್ಥಿಕೆಗೆ ಕೂರಿಸಿ, ಹೆಂಡತಿಯ ಮಾತನ್ನೂ ಕೇಳೋಣ, ಕಾಗದದ ಮೇಲೆ ಈಗಲೇ ಏನೂ ಬೇಡ ಎಂದು ಹೇಳಬೇಕೆಂದಿದ್ದೆ. ಬಾಯಿ ತೆರೆಯುವ ಮೊದಲು ನೋಟೀಸಿನ ಕೊನೆಯ ಹಾಳೆ ತಿರುಗಿಸಿದೆ. ಹೆಂಡತಿಯ ವಕೀಲರ ಸಹಿ ಅಲ್ಲಿತ್ತು. ಅದು ನನ್ನ ಹಳೆಯ ಜೂನಿಯರಿನದು.

ಐದು ವರ್ಷ ನನ್ನ ಮೇಜಿನ ಎದುರು ಕೂತು ಕೆಲಸ ಕಲಿತವಳು. ಡೊಂಬಿವ್ಲಿಯಲ್ಲೇ ಹುಟ್ಟಿದ ನಮ್ಮೂರ ಕಡೆಯ ಹುಡುಗಿ. ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ, ಆ ಮರಾಠಿ ಎಷ್ಟು ಚೆಂದವೆಂದರೆ ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ಕೇಳುತ್ತಾರೆ. ನಾನು ಮದುವೆಯಾಗಿ ಇಲ್ಲಿಗೆ ಬಂದವಳು. ಇಪ್ಪತ್ತೆರಡು ವರ್ಷ ವಾದ ಮಾಡಿದ ಮೇಲೂ ನಾನು ಮರಾಠಿಯಲ್ಲಿ ಬಾಯಿ ತೆರೆದರೆ ನ್ಯಾಯಪೀಠದಲ್ಲಿ ಕೂತವರ ಮುಖದಲ್ಲಿ ಒಂದು ಸಣ್ಣ ನಗು ಬರುತ್ತದೆ. ಅವಳು ನನ್ನನ್ನು ಬಿಟ್ಟು ಹೋದ ಮೂರೇ ವರ್ಷಕ್ಕೆ ಠಾಣೆ ರೈಲ್ವೆ ಸ್ಟೇಷನ್ನಿನ ಹತ್ತಿರ ಸ್ವಂತ ಆಫೀಸು ಮಾಡಿದಳು. ನನ್ನ ಬಳಿ ಬರಬೇಕಾದ ನಮ್ಮವರ ಕೇಸುಗಳು ಒಂದೊಂದಾಗಿ ಅಲ್ಲಿಗೆ ಹೋದವು. ದೀಪಾವಳಿಗೆ ಮಿಠಾಯಿ ಕಳಿಸುತ್ತಿದ್ದಳು. ಆ ಡಬ್ಬಿಯನ್ನು ನಾನು ತೆರೆಯದೆ ಕೆಳಗಿನ ವಾಚ್‌ಮನ್‌ಗೆ ಕೊಟ್ಟುಬಿಡುತ್ತಿದ್ದೆ.

ಹೊಟ್ಟೆಕಿಚ್ಚು ಎಂಬ ಹೆಸರನ್ನು ಆಗ ಅದಕ್ಕೆ ಇಟ್ಟಿರಲಿಲ್ಲ. ಕಕ್ಷಿದಾರನ ಹಿತ ಎಂದುಕೊಂಡಿದ್ದೆ.

"ಸರಿ, ಉತ್ತರ ಹಾಕುವಾ. ಪರೀಕ್ಷೆಗೂ ಅರ್ಜಿ ಹಾಕುವಾ," ಎಂದೆ.

ಒಂದು ಭಾನುವಾರ ಮಧ್ಯಾಹ್ನ ಕೂತು ನಾನೇ ಟೈಪು ಮಾಡಿದೆ. ಹತ್ತು ಪ್ಯಾರಾಗಳಲ್ಲಿ ಮದುವೆ, ಹೋಟೆಲು, ಊರಿನಲ್ಲಿದ್ದ ನಾಲ್ಕು ತಿಂಗಳು. ಹನ್ನೊಂದನೆಯದಕ್ಕೆ ಬಂದಾಗ ನನ್ನ ಕಣ್ಣ ಮುಂದಿದ್ದದ್ದು ಆ ಹುಡುಗಿಯಲ್ಲ, ಅವಳ ತಾಯಿಯೂ ಅಲ್ಲ. ಅದನ್ನು ಓದುವಾಗ ನನ್ನ ಜೂನಿಯರಿನ ಮುಖ ಹೇಗಾಗಬಹುದು ಎಂದು ನೋಡುತ್ತಿದ್ದೆ. ಈ ಮಗುವಿಗೂ ಪ್ರತಿವಾದಿಗೂ ರಕ್ತದ್ದಾಗಲಿ ಬೇರೆ ಯಾವುದೇ ಆಗಲಿ ಸಂಬಂಧವಿಲ್ಲ, ಇದು ಅರ್ಜಿದಾರಳ ನಡತೆಯ ಫಲ, ಇದನ್ನು ಸಾಕುವ ಭಾರ ಯಾರಿಗೆ ಸೇರಿದ್ದೋ ಅವನು ಮುಂದೆ ಬಂದು ಹೊರಲಿ ಎಂದು ಬರೆದೆ. ಇಂಗ್ಲಿಷಿನಲ್ಲಿ ಅದು ಇನ್ನೂ ಹರಿತವಾಗಿತ್ತು. ವರದಿಯನ್ನು ಮೊಹರು ಮಾಡಿದ ಲಕೋಟೆಯಲ್ಲಿ ಲಗತ್ತಿಸಿದೆ. ಕಕ್ಷಿದಾರ ಪ್ರಮಾಣಪತ್ರಕ್ಕೆ ಸಹಿ ಹಾಕುವ ಮೊದಲು ಆ ಪ್ಯಾರಾದ ಮೇಲೆ ಬೆರಳಿಟ್ಟ.

"ಇಷ್ಟು ಬೇಕಾ ಅಕ್ಕಾ?"

"ಬೇಕು," ಎಂದೆ. ಅವನು ಸಹಿ ಹಾಕಿದ.

ಮೊದಲ ವಾದದ ದಿನ ಕೋರ್ಟ್ ಹಾಲಿನಲ್ಲಿ ಫ್ಯಾನು ಕೆಟ್ಟಿತ್ತು. ನಾನು ಅರ್ಧ ಗಂಟೆ ಮಾತಾಡಿದೆ. ಅವಳು ಎದ್ದು ನಿಂತು ಒಂದೇ ಒಂದು ಫೋಟೋ ಕೊಟ್ಟಳು. ಕೋಪರಖೈರಣೆಯ ಹೋಟೆಲಿನಲ್ಲಿ ದೀಪಾವಳಿಯ ಲಕ್ಷ್ಮೀಪೂಜೆ, ಗಲ್ಲಾಪೆಟ್ಟಿಗೆಯ ಮುಂದೆ ಅಣ್ಣ, ಅತ್ತಿಗೆ, ನನ್ನ ಕಕ್ಷಿದಾರ, ಅವನ ಪಕ್ಕದಲ್ಲಿ ರೇಷ್ಮೆ ಸೀರೆಯ ಹೆಂಡತಿ. ಅವನು ಊರಲ್ಲಿದ್ದೆನೆಂದ ಅದೇ ವರ್ಷ, ಮಗು ಹೊಟ್ಟೆಗೆ ಬಂದ ಅದೇ ನವೆಂಬರು.

"ಎರಡು ದಿನಕ್ಕೆ ಬಂದದ್ದು ಅಲ್ವಾ, ಅದನ್ನೆಂತ ಹೇಳುದು ಅಂತ ಬಿಟ್ಟೆ," ಎಂದು ಅವನು ನನ್ನ ಕಿವಿಯಲ್ಲಿ ಹೇಳಿದ.

ಕಾನೂನಿಗೆ ಎರಡು ದಿನ ಸಾಕು. ಅವಳು ಮರಾಠಿಯಲ್ಲಿ ಹತ್ತು ನಿಮಿಷ ಮಾತಾಡಿದಳು, ಧ್ವನಿ ಎತ್ತಲಿಲ್ಲ, ನನ್ನ ಕಡೆ ತಿರುಗಲಿಲ್ಲ. ನ್ಯಾಯಾಧೀಶರು ಪರೀಕ್ಷೆಯ ಅರ್ಜಿಯನ್ನು ಮುಂದಕ್ಕೆ ಹಾಕಿ, ಅಲ್ಲಿಯವರೆಗೆ ಹುಡುಗಿಗೆ ಮಧ್ಯಂತರ ಜೀವನಾಂಶ ಕೊಡಬೇಕೆಂದು ಆದೇಶ ಬರೆಸಿದರು. ಹೊರಗೆ ಬಂದಾಗ ಅವಳು ನನಗೆ ನಮಸ್ಕಾರ ಮಾಡಿದಳು. ನಾನು ಫೈಲಿನ ದಾರ ಕಟ್ಟುವುದರಲ್ಲಿ ತೊಡಗಿದೆ. ಡೊಂಬಿವ್ಲಿ ತನಕ ಲೋಕಲ್ ರೈಲಿನಲ್ಲಿ ನಿಂತುಕೊಂಡು ಬರುವಾಗ ಅವಳ ವಾದದ ವಾಕ್ಯಗಳೇ ತಲೆಯಲ್ಲಿ ಬರುತ್ತಿದ್ದವು. ಅವುಗಳಲ್ಲಿ ಕೆಲವು ನಾನೇ ಅವಳಿಗೆ ಕಲಿಸಿದ್ದವು.

ಮಧ್ಯಂತರ ಆದೇಶವಾದ ಮೂರು ವಾರಕ್ಕೆ ಕಕ್ಷಿದಾರ ಹೇಳದೆ ಕೇಳದೆ ಆಫೀಸಿಗೆ ಬಂದ. ಮಧ್ಯಾಹ್ನದ ಹೊತ್ತು, ಹೋಟೆಲಿನಲ್ಲಿ ಊಟದ ಗದ್ದಲ ಇರುವ ಸಮಯ. ಆ ಹೊತ್ತಿಗೆ ಅವನು ಗಲ್ಲಾಪೆಟ್ಟಿಗೆ ಬಿಟ್ಟು ಬರುವವನಲ್ಲ.

"ಠಾಕುರ್ಲಿ ಕಡೆ ಕೆಲಸ ಇತ್ತು, ಹಾಗೆ ಶಾಲೆಯ ಹತ್ತಿರ ಹೋದೆ," ಎಂದ. ಕೋಪರಖೈರಣೆಯ ಹೋಟೆಲಿನವನಿಗೆ ಠಾಕುರ್ಲಿಯಲ್ಲಿ ಏನು ಕೆಲಸವೆಂದು ನಾನು ಕೇಳಲಿಲ್ಲ. "ಒಬ್ಬ ಸ್ಕೂಟರಿನಲ್ಲಿ ಹುಡುಗಿಯನ್ನು ಬಿಡ್ಲಿಕ್ಕೆ ಬಂದಿದ್ದ."

"ಯಾರು?"

"ಅವನೇ. ಮದುವೆಗೆ ಮೊದಲು ನನ್ನ ಹೆಂಡತಿಯ ಆಫೀಸಿನಲ್ಲಿ ಇದ್ದವ. ಆಮೇಲೆ ಪುಣೆಗೆ ಹೋಗಿದ್ದ. ಫೋಟೋದಲ್ಲಿ ನೋಡಿದ್ದೆ." ಕುರ್ಚಿಯನ್ನು ಹತ್ತಿರ ಎಳೆದುಕೊಂಡ. "ಅಕ್ಕಾ, ಅವಳಿಗೆ ಹೆಲ್ಮೆಟ್ ಹಾಕಿದ್ದ. ಸಣ್ಣದು, ಮಕ್ಕಳದ್ದು. ಸರಿಯಾಗಿ ಕೂತಿತ್ತು ತಲೆಗೆ. ಒಂಬತ್ತು ವರ್ಷ ನಾನು ಅವಳನ್ನು ಸ್ಕೂಟರಿನ ಎದುರು ನಿಲ್ಲಿಸಿಕೊಂಡೇ ಹೋದವ, ಒಂದು ಹೆಲ್ಮೆಟ್ ತೆಗೀಬೇಕು ಅಂತ ನಂಗೆ ಹೊಳೆದೇ ಇಲ್ಲ. ಅವನು ಬಂದು ಮೂರು ವಾರ ಆಗಿರಬಹುದು. ಅವಳ ತಲೆಯ ಅಳತೆ ಅವನಿಗೆ ಗೊತ್ತುಂಟು."

"ನೀವು ಬಯಸಿದ್ದು ಅದೇ ಅಲ್ವಾ? ಅವನು ಮುಂದೆ ಬಂದು ಹೊರಲಿ ಅಂತ?"

"ಅದು ನೀವು ಬರೆದದ್ದು," ಎಂದ.

ಮುಂದಿನ ತಾರೀಖಿಗೆ ಮೊದಲೇ ಅರ್ಜಿಯೊಂದು ಬಂತು. ಪುಣೆಯವನದು, ಬೇರೆ ವಕೀಲರ ಮೂಲಕ. ಈ ಹುಡುಗಿಗೆ ಜನ್ಮ ಕೊಟ್ಟ ತಂದೆ ತಾನು, ತನಗೆ ಇದು ಈಗಷ್ಟೇ ತಿಳಿದಿದೆ, ತನ್ನನ್ನು ಈ ಕೇಸಿನಲ್ಲಿ ಸೇರಿಸಿಕೊಳ್ಳಬೇಕು, ಪರೀಕ್ಷೆಗೆ ತಾನು ಸಿದ್ಧ, ಮಗಳ ಓದು, ಆರೋಗ್ಯ, ಮದುವೆಯವರೆಗಿನ ಖರ್ಚೆಲ್ಲ ತನ್ನದು. ಆಧಾರವಾಗಿ ಲಗತ್ತಿಸಿದ್ದು ಒಂದೇ ದಾಖಲೆ: ನನ್ನ ಉತ್ತರದ ಪ್ಯಾರಾ ಹನ್ನೊಂದು, ಹಳದಿ ಪೆನ್ನಿನಲ್ಲಿ ಗೆರೆ ಎಳೆದದ್ದು. ಹುಡುಗಿಯ ಅಪ್ಪನೇ ಪ್ರಮಾಣ ಮಾಡಿ ಮಗು ತನ್ನದಲ್ಲ ಎಂದಿರುವಾಗ ಕಾನೂನಿನ ಊಹೆಗೆ ಇನ್ನೇನು ಬೆಲೆ ಎಂದು ಅವನ ವಕೀಲರು ಬರೆದಿದ್ದರು. ಒಳ್ಳೆಯ ಪ್ರಶ್ನೆಯೇ.

ಕಕ್ಷಿದಾರನನ್ನು ಕರೆಸಿ ಓದಿ ಹೇಳಿದೆ. ಕೇಸಿನ ದೃಷ್ಟಿಯಿಂದ ಅವನಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇರಲಿಲ್ಲ. ನಾವು ಸುಮ್ಮನೆ 'ಅಭ್ಯಂತರವಿಲ್ಲ' ಎಂದು ಬರೆದುಕೊಟ್ಟರೆ ಹುಡುಗಿಯ ಜೀವನಾಂಶದ ಪ್ರಶ್ನೆಯೇ ಅವನ ತಲೆಯಿಂದ ಇಳಿದುಹೋಗುವ ಸಾಧ್ಯತೆ ಇತ್ತು.

"ಇದನ್ನು ನಿಲ್ಲಿಸ್ಲಿಕ್ಕೆ ಆಗ್ತದಾ?" ಎಂದು ಅವನು ಕೇಳಿದ.

"ಯಾಕೆ ನಿಲ್ಲಿಸಬೇಕು?"

"ಅವನು ಫೀಸು ಕಟ್ಟಿದ್ರೆ ರಸೀದಿಯಲ್ಲಿ ಅವನ ಹೆಸರು ಬರ್ತದೆ. ಮೀಟಿಂಗಿಗೆ ಅವನು ಹೋಗ್ತಾನೆ. ಅವಳಿಗೆ ಜ್ವರ ಬಂದ್ರೆ ಫೋನು ಅವನಿಗೆ ಹೋಗ್ತದೆ. ನಾನೇ ಕೊಡ್ತೇನೆ ಅಕ್ಕಾ. ಎಷ್ಟು ಹೇಳ್ತಾರೋ ಅಷ್ಟು. ಅವನದ್ದು ಒಂದು ಪೈಸೆ ಬೇಡ."

"ಮೂರು ತಿಂಗಳ ಹಿಂದೆ ಇದೇ ಕುರ್ಚಿಯಲ್ಲಿ ಕೂತು ನೀವು ಏನು ಹೇಳಿದ್ದು ನೆನಪುಂಟಾ? ಇದು ಮಗಳ ಮೇಲಿನ ಪ್ರೀತಿಯಾ ಅಥವಾ ಅವನ ಮೇಲಿನ ಹೊಟ್ಟೆಕಿಚ್ಚಾ? ನಾನು ಕೋರ್ಟಿನಲ್ಲಿ ಉತ್ತರ ಕೊಡಬೇಕು, ಅದಕ್ಕೆ ಕೇಳುದು."

ಅವನಿಗೆ ಸಿಟ್ಟು ಬಂತು. "ಹೊಟ್ಟೆಕಿಚ್ಚೇ ಅಂತ ಇಟ್ಕೊಳ್ಳಿ. ಹೊಟ್ಟೆಕಿಚ್ಚು ಇದ್ದವ ಮಗಳ ಫೀಸು ಕಟ್ಟಬಾರದು ಅಂತ ಕಾನೂನು ಉಂಟಾ?"

ಇರಲಿಲ್ಲ. ಪುಸ್ತಕ ತೆಗೆದು ನೋಡುವ ಅಗತ್ಯವೂ ಇರಲಿಲ್ಲ.

ಕಷ್ಟ ಬೇರೆ ಕಡೆ ಇತ್ತು. ಪ್ರಮಾಣ ಮಾಡಿ ಹೇಳಿದ್ದನ್ನು ಹಾಗೆಲ್ಲ ಹಿಂದಕ್ಕೆ ತೆಗೆದುಕೊಳ್ಳಲಾಗುವುದಿಲ್ಲ. ಉತ್ತರಕ್ಕೆ ತಿದ್ದುಪಡಿಯ ಅರ್ಜಿ ಹಾಕಬೇಕು. ಪರೀಕ್ಷೆಯ ಅರ್ಜಿಯನ್ನು ಬಿಡುತ್ತೇವೆಂದು ಪುರ್ಸಿಸ್ ಕೊಡಬೇಕು. ಕೋರ್ಟಿಗೆ ಚಿಕ್ಕ ಹೇಳಿಕೆ ಬರೆದುಕೊಡುವುದಕ್ಕೆ ಇಲ್ಲಿ ಹಾಗೆನ್ನುತ್ತಾರೆ. ಮೊಹರಿನ ಲಕೋಟೆ ತೆರೆಯದೆ ವಾಪಸು ಬರಬೇಕು. ಇದಕ್ಕೆಲ್ಲ ಎದುರು ಪಕ್ಷದ ಒಪ್ಪಿಗೆ ಇಲ್ಲದಿದ್ದರೆ ಪುಣೆಯವನ ವಕೀಲರು ನಮ್ಮನ್ನು ಹರಿದುಹಾಕುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಈಗ ನನ್ನ ಕಕ್ಷಿದಾರನ ಅಪ್ಪತನವನ್ನು ಉಳಿಸಬಲ್ಲ ವಾದ ಒಂದೇ ಇತ್ತು. ಅದು ನನ್ನ ಜೂನಿಯರ್ ಮಾಡಿದ ವಾದ, ಅವಳು ಕೊಟ್ಟ ಫೋಟೋ.

ನಾಲ್ಕು ದಿನ ತಡ ಮಾಡಿದೆ. ಬೇರೆ ದಾರಿ ಹುಡುಕುತ್ತಿದ್ದೇನೆಂದು ಕಕ್ಷಿದಾರನಿಗೆ ಹೇಳಿದೆ. ಹುಡುಕುತ್ತಿರಲಿಲ್ಲ. ಅವಳ ಆಫೀಸಿನ ಮೆಟ್ಟಿಲು ಹತ್ತದೆ ಇರುವುದು ಹೇಗೆಂದು ನೋಡುತ್ತಿದ್ದೆ. ಐದನೆಯ ದಿನ ಫೋನು ಮಾಡಿ ಹೊರಟೆ.

ಗಾಜಿನ ಬಾಗಿಲು, ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಅವಳ ಹೆಸರು, ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಏಳೆಂಟು ಜನ. ನಾನೂ ಅವರ ಪಕ್ಕ ಕೂತೆ. ಕಪಾಟಿನಲ್ಲಿ ಫೈಲುಗಳನ್ನು ತಾರೀಖಿನ ಪ್ರಕಾರ, ಬೆನ್ನಿನ ಮೇಲೆ ಕೆಂಪು ಪಟ್ಟಿ ಅಂಟಿಸಿ ಜೋಡಿಸಿದ್ದರು. ನನ್ನ ಪದ್ಧತಿ. ನನ್ನ ಆಫೀಸಿನಲ್ಲಿ ಅದು ಯಾವಾಗಲೋ ನಿಂತುಹೋಗಿತ್ತು. ಅವಳು ತಾನೇ ಹೊರಗೆ ಬಂದು ನನ್ನನ್ನು ಒಳಗೆ ಕರೆದುಕೊಂಡು ಹೋದಳು. ಕಕ್ಷಿದಾರರು ಕೂರುವ ಕುರ್ಚಿಯಲ್ಲಿ ಕೂತು ನಾನು ಬಂದ ಕಾರಣ ಹೇಳಿದೆ.

ಕೇಳಿಸಿಕೊಂಡು ಅವಳು ಪೆನ್ನು ಕೆಳಗಿಟ್ಟಳು. "ಮೇಡಮ್, ಆ ಪ್ಯಾರಾ ಓದಿದ ದಿನ ಇದನ್ನು ಬರೆದದ್ದು ನೀವಲ್ಲ ಅಂದುಕೊಂಡೆ," ಎಂದಳು ಮರಾಠಿಯಲ್ಲಿ. "ಹೊಸ ಜೂನಿಯರ್ ಯಾರೋ ಬರೆದಿರಬೇಕು, ನೀವು ನೋಡದೆ ಸಹಿ ಹಾಕಿರಬೇಕು ಅಂತ. ನಾನು ಸೇರಿದ ಮೊದಲನೇ ವಾರ ನನ್ನ ಡ್ರಾಫ್ಟನ್ನು ನೀವು ಹರಿದು ಹಾಕಿದ್ರಿ. ಏನು ಹೇಳಿದ್ರಿ ನೆನಪಿದೆಯಾ? ಮಗು ದೊಡ್ಡದಾಗಿ ಒಂದು ದಿನ ಕೋರ್ಟಿಗೆ ಬಂದು ಸರ್ಟಿಫೈಡ್ ಕಾಪಿ ತೆಗೆದು ಓದಬಹುದು, ಅದಕ್ಕೆ ಓದಿಸಲಾಗದ ಯಾವುದನ್ನೂ ಬರೆಯಬೇಡ ಅಂತ. ಇವತ್ತಿಗೂ ಪ್ರತಿ ಡ್ರಾಫ್ಟಿಗೂ ನಾನು ಹಾಗೇ ನೋಡ್ತೇನೆ."

ನನಗೆ ನೆನಪಿರಲಿಲ್ಲ. ಅವಳು ಸುಳ್ಳು ಹೇಳುವವಳಲ್ಲ. ಅವಳ ಆಫೀಸು, ಬೆಂಚಿನ ಮೇಲಿನ ಜನ, ಆ ಮರಾಠಿ ಯಾವುದೂ ಈ ಮಾತು ಚುಚ್ಚಿದಷ್ಟು ಚುಚ್ಚಿರಲಿಲ್ಲ. ನನ್ನಲ್ಲಿದ್ದ ಒಳ್ಳೆಯದನ್ನು ನಾನು ಕಳಕೊಂಡು ಕೂತಿದ್ದೆ, ಅದು ಅವಳ ಬಳಿ ಜೋಪಾನವಾಗಿತ್ತು.

"ಬರೆದದ್ದು ನಾನೇ," ಎಂದೆ. "ಯಾರ ಮೇಲೆ ಸಿಟ್ಟಿತ್ತು ಅಂತ ನಿನಗೆ ಗೊತ್ತಿರಬಹುದು."

ಅವಳು ಮೇಜಿನ ಬೆಲ್ಲು ಒತ್ತಿದಳು. ಚಹಾ ತರಿಸಿದಳು.

ಎರಡು ದಿನ ಬಿಟ್ಟು ಅಲ್ಲೇ ನಾಲ್ವರೂ ಕೂತೆವು. ಹೆಂಡತಿಯನ್ನು ನಾನು ಹತ್ತಿರದಿಂದ ನೋಡಿದ್ದು ಅಂದೇ. ಐರೋಲಿಯ ಒಂದು ಆಫೀಸಿನಲ್ಲಿ ಮತ್ತೆ ಕೆಲಸಕ್ಕೆ ಸೇರಿದ್ದಳು, ಕೊರಳಲ್ಲಿ ಆಫೀಸಿನ ಗುರುತಿನ ಕಾರ್ಡಿನ ಪಟ್ಟಿ ಇನ್ನೂ ಇತ್ತು. ಅವಳ ಷರತ್ತುಗಳು ಬರೆದಿಟ್ಟುಕೊಂಡ ಹಾಗೆ ಬಂದವು. ಪ್ಯಾರಾ ಹನ್ನೊಂದು ತೆಗೆಯಬೇಕು. ಹುಡುಗಿ ತನ್ನ ಮಗಳೆಂದು ಅವನು ನ್ಯಾಯಾಧೀಶರ ಮುಂದೆ ನಿಂತು ಹೇಳಬೇಕು. ಲಕೋಟೆ ಯಾರೂ ತೆರೆಯಕೂಡದು; ಹುಡುಗಿಗೆ ತಿಳಿಯುವ ವಯಸ್ಸು ಬಂದ ಮೇಲೆ ಇಬ್ಬರೂ ಒಟ್ಟಿಗೆ ಕೂತು ಹೇಳಬೇಕು. ತಾನು ಮಾತ್ರ ಆ ಮನೆಗೆ ತಿರುಗಿ ಬರುವುದಿಲ್ಲ.

ಕೊನೆಯದನ್ನು ಕೇಳಿ ಅವನು ತಲೆ ಎತ್ತಿದ. ಅವಳು ಬರುತ್ತಾಳೆ ಎಂದುಕೊಂಡೇ ಇದ್ದನೆಂದು ನನಗೆ ಆಗ ತಿಳಿಯಿತು.

"ಅವನಿಗೆ ನೀನೇ ಹೇಳಿ ಕರೆಸಿದ್ದಾ?" ಎಂದ.

"ನಿಮ್ಮ ವಕೀಲರು ಬರೆದದ್ದನ್ನು ಓದಿ ಸಿಟ್ಟಿನಲ್ಲಿ ಫೋಟೋ ತೆಗೆದು ಅವರಿಗೆ ಕಳಿಸಿದೆ. ನೋಡಿ ನನ್ನ ಗತಿ ಅಂತ. ಒಂಬತ್ತು ವರ್ಷದಲ್ಲಿ ಅವರಿಗೆ ನಾನು ಒಂದು ಮಾತು ಹೇಳಿರಲಿಲ್ಲ. ಅವತ್ತು ಸಂಜೆಯೇ ಪುಣೆಯಿಂದ ಹೊರಟು ಬಂದ್ರು."

"ಇನ್ನು ಅವನು ಬರಬಾರದು. ಅದನ್ನೂ ಬರೀರಿ."

"ಅದು ಬರೆಯುವುದಿಲ್ಲ," ಎಂದಳು ಅವಳು. "ತಪ್ಪು ನನ್ನದು. ನಾಲ್ಕು ತಿಂಗಳು ನೀವು ಊರಲ್ಲಿದ್ರಿ, ವಾರಕ್ಕೊಂದು ಫೋನ್ ಇರಲಿಲ್ಲ, ಆದರೂ ತಪ್ಪು ನನ್ನದೇ. ಅವರದ್ದು ಅದರಲ್ಲಿ ಅರ್ಧ. ಆದರೆ ಮಗಳಿದ್ದಾಳೆ ಅಂತ ಗೊತ್ತಾದ ಕೂಡಲೇ ಬಂದವರನ್ನು ಬಾಗಿಲಲ್ಲಿ ನಿಲ್ಲಿಸ್ಲಿಕ್ಕೆ ನನ್ನಿಂದ ಆಗುವುದಿಲ್ಲ. ಗೊತ್ತಾದ ಕೂಡಲೇ ಅವಳನ್ನು ಕೈಬಿಟ್ಟವರು ನೀವು."

ಅವನ ಕಿವಿ ಕೆಂಪಾಯಿತು. ಎದ್ದು ಹೋಗುತ್ತಾನೆ ಎಂದುಕೊಂಡೆ. ಹೋಗಲಿಲ್ಲ. ಮೇಜಿನ ಅಂಚನ್ನು ಹಿಡಿದುಕೊಂಡು, "ಸ್ಕೂಟರಿನಲ್ಲಿ ಮಾತ್ರ ಬೇಡ. ಶಾಲೆಗೆ ಬಿಡುದು ನಾನು," ಎಂದ. ಕೋಪರಖೈರಣೆಯಿಂದ ದಿನಾ ಬಂದು ಬಿಡುವುದು ಆಗದ ಮಾತು ಎಂದು ನಾಲ್ವರಿಗೂ ಗೊತ್ತಿತ್ತು.

ಪುರ್ಸಿಸನ್ನು ನಾನು ನಾಲ್ಕು ಸಲ ಬರೆದೆ. ಸುಳ್ಳು ಪ್ರಮಾಣ ಮಾಡಿಸುವ ಹಾಗಿರಲಿಲ್ಲ. 'ನನ್ನ ರಕ್ತದ ಮಗಳು' ಎಂದು ಬರೆದರೆ ಅವನ ಸಹಿಗೂ ನನ್ನ ವಕೀಲಿ ಸನದಿಗೂ ಕಳಂಕ. ಕೊನೆಗೆ ನಿಂತದ್ದು ಇಷ್ಟು: ನಮ್ಮ ಮದುವೆಯಲ್ಲಿ ಹುಟ್ಟಿದ, ನಾನು ಹೆಸರಿಟ್ಟು ಒಂಬತ್ತು ವರ್ಷ ಸಾಕಿದ ಇವಳು ಕಾನೂನಿನ ಪ್ರಕಾರ ನನ್ನ ಮಗಳು, ಅವಳನ್ನು ಸಾಕುವ ಹೊಣೆ ನನ್ನದು, ಬೇರೆ ಯಾರದೂ ಅಲ್ಲ. ಒಂದೊಂದು ಪದವೂ ನಿಜ. ಕೊನೆಯ ಮೂರು ಪದ ಅವನು ಹೇಳಿ ಸೇರಿಸಿದ್ದು. ಅದರ ಜತೆ ನನ್ನದೇ ಒಂದು ಪ್ರಮಾಣಪತ್ರ ಲಗತ್ತಿಸಿದೆ. ಪ್ಯಾರಾ ಹನ್ನೊಂದರ ಮಾತುಗಳು ನನ್ನವು, ಕಕ್ಷಿದಾರ ಬೇಕೇ ಎಂದು ಕೇಳಿದಾಗ ಬೇಕೆಂದವಳು ನಾನು, ಸಂಧಾನದ ದಾರಿಯನ್ನು ಅವನಿಗೆ ನಾನು ತಿಳಿಸಿರಲಿಲ್ಲ ಎಂದು ಅದರಲ್ಲಿ ಬರೆದೆ. ಅದಕ್ಕೆ ಮೊದಲು 'ನಾನು' ಎಂಬ ಪದವನ್ನು ಅಷ್ಟು ಸಲ ಬಳಸಿ ನಾನು ಕೋರ್ಟಿಗೆ ಯಾವ ಕಾಗದವನ್ನೂ ಕೊಟ್ಟಿರಲಿಲ್ಲ.

ಆ ತಾರೀಖಿನ ಬೆಳಿಗ್ಗೆ ಕಾರಿಡಾರಿನಲ್ಲಿ ಪುಣೆಯವನನ್ನು ಮೊದಲ ಸಲ ನೋಡಿದೆ. ನಲವತ್ತರ ಆಸುಪಾಸಿನ ತೆಳ್ಳಗಿನ ಮನುಷ್ಯ, ಇಸ್ತ್ರಿ ಮಾಡಿದ ನೀಲಿ ಅಂಗಿ. ನನ್ನ ಪಕ್ಕ ನಿಂತಿದ್ದ ಕಕ್ಷಿದಾರ ತಟ್ಟನೆ, "ಅಕ್ಕಾ, ಕಿವಿ ನೋಡಿದ್ರಾ?" ಎಂದ. ಕಿವಿಯ ತುದಿ ಸ್ವಲ್ಪ ಹೊರಕ್ಕೆ ಬಾಗಿತ್ತು. "ಅವಳದ್ದೂ ಹಾಗೇ. ನಾನು ಇಷ್ಟು ವರ್ಷ ನಮ್ಮ ಅಮ್ಮನ ಕಿವಿ ಅಂತ ಎಲ್ಲರಿಗೂ ಹೇಳ್ತಿದ್ದೆ."

ಅವನು ನೀರು ಕುಡಿಯಲು ಆಚೆ ಹೋದಾಗ ಪುಣೆಯವನು ನನ್ನ ಬಳಿ ಬಂದ. ಹಿಂದಿಯಲ್ಲಿ, ಬಹಳ ಮರ್ಯಾದೆಯಿಂದ ಕೇಳಿದ. "ಮೇಡಮ್, ಪ್ಯಾರಾ ಹನ್ನೊಂದು ಬರೆದದ್ದು ನೀವಾ?"

"ಹೌದು."

"ನನಗೆ ಮಗಳಿದ್ದಾಳೆ ಅಂತ ತಿಳಿದದ್ದು ಅದರಿಂದ. 'ಅವನು ಮುಂದೆ ಬರಲಿ' ಅಂತ ಬರೆದಿದ್ರಲ್ಲ. ನಾನು ಬಂದೆ. ಈಗ ಅದನ್ನು ತೆಗೀತೀರಂತೆ." ಸಿಟ್ಟಿರಲಿಲ್ಲ ಧ್ವನಿಯಲ್ಲಿ. ನಿಜವಾಗಿ ಅರ್ಥವಾಗದೆ ಕೇಳಿದಂತಿತ್ತು. "ಹಾಗಾದ್ರೆ ನಾನು ಯಾರು?"

ನಾನು ಎದುರು ಪಕ್ಷದವಳು, ನಿಮ್ಮ ವಕೀಲರನ್ನು ಕೇಳಿ ಎಂದೆ. ನಿಯಮದ ಪ್ರಕಾರ ಅದೇ ಸರಿಯಾದ ಉತ್ತರ.

ಒಳಗೆ ಅವನ ವಕೀಲರು ಒಂದು ಗಂಟೆ ವಾದ ಮಾಡಿದರು. ಪ್ರಮಾಣ ಮಾಡಿ ಹೇಳಿದ್ದನ್ನು ಅಂಗಿ ಬದಲಾಯಿಸಿದ ಹಾಗೆ ಬದಲಾಯಿಸುತ್ತಾರೆ ಎಂದರು. ನಾನು ಎದ್ದು, ತಪ್ಪು ಅಂಗಿ ಹೊಲಿದವಳು ನಾನು ಎಂದೆ, ನನ್ನ ಮರಾಠಿಯಲ್ಲಿ. ಈ ಸಲ ನ್ಯಾಯಪೀಠದಲ್ಲಿ ನಗು ಬರಲಿಲ್ಲ. ನ್ಯಾಯಾಧೀಶರು ಕನ್ನಡಕ ತೆಗೆದು ನನ್ನ ಪ್ರಮಾಣಪತ್ರವನ್ನು ಎರಡು ಸಲ ಓದಿದರು. ಉಳಿದದ್ದನ್ನು ನನ್ನ ಜೂನಿಯರಿಗೆ ಬಿಟ್ಟು ಕೂತೆ. ನನ್ನ ಕಕ್ಷಿದಾರನ ಪರವಾದ ವಾದವನ್ನು ಅವಳು ಮಾಡಿದಳು, ನಾನು ಮಾಡುವುದಕ್ಕಿಂತ ಚೆನ್ನಾಗಿ ಮಾಡಿದಳು. ಕೂತು ಕೇಳುತ್ತಿದ್ದವಳಿಗೆ ಹೊಟ್ಟೆಯಲ್ಲಿ ಅದೇ ಉರಿ. ಅದು ಹೋಗಿರಲಿಲ್ಲ, ಇವತ್ತಿಗೂ ಪೂರ್ತಿ ಹೋಗಿಲ್ಲ. ಆದರೆ ಅವಳು ಸೋಲಲಿ ಎಂದು ಅಂದು ಅನಿಸಲಿಲ್ಲ.

ನ್ಯಾಯಾಧೀಶರು ಕಕ್ಷಿದಾರನನ್ನು ಮುಂದೆ ಕರೆದರು.

"ಮುಲಗಿ ಕೋಣಾಚಿ?" ಹುಡುಗಿ ಯಾರದು?

"ಮಾಝೀ," ಎಂದ. ನನ್ನದು. ಹಿಂದಿನ ಬೆಂಚಿನಲ್ಲಿ ನೀಲಿ ಅಂಗಿ ಎದ್ದು ಹೊರಗೆ ಹೋಯಿತು.

ಪುರ್ಸಿಸ್ ಸ್ವೀಕಾರವಾಯಿತು, ಲಕೋಟೆ ಮೊಹರು ಒಡೆಯದೆ ವಾಪಸು ಬಂತು. ಗಂಡ ಹೆಂಡತಿ ಇಬ್ಬರೂ ಒಪ್ಪಿಕೊಂಡ ಮಗುವಿನ ಜೀವನಾಂಶದ ಕೇಸಿನಲ್ಲಿ ಮೂರನೆಯವನಿಗೆ ಜಾಗವಿಲ್ಲ, ಬೇರೆ ದಾರಿಯಿದ್ದರೆ ಬೇರೆ ಕಡೆ ನೋಡಿಕೊಳ್ಳಬಹುದು ಎಂದು ಪುಣೆಯವನ ಅರ್ಜಿ ವಜಾ ಆಯಿತು. ಕೋರ್ಟಿನ ಸಮಯ ಹಾಳು ಮಾಡಿದ್ದಕ್ಕೆ ನನ್ನ ಮೇಲೆ ದಂಡ ಬಿತ್ತು. ಅದನ್ನು ನಾನೇ ಕಟ್ಟಿದೆ. ಶನಿವಾರಗಳಂದು ಅಪ್ಪ ಮಗಳನ್ನು ಕೋರ್ಟಿನ ಮಕ್ಕಳ ಕೋಣೆಯಲ್ಲಿ ನೋಡುವುದು, ಎರಡು ತಿಂಗಳ ಮೇಲೆ ಮನೆಗೆ ಕರೆದುಕೊಂಡು ಹೋಗುವುದು ಎಂದು ಆದೇಶವಾಯಿತು.

ಮೊದಲ ಶನಿವಾರ ರಿಜಿಸ್ಟರಿಗೆ ಸಹಿ ಹಾಕಲು ನಾವಿಬ್ಬರು ವಕೀಲರೂ ಹೋಗಿದ್ದೆವು. ಸಣ್ಣ ಕೋಣೆ, ಪ್ಲಾಸ್ಟಿಕ್ ಜಾರುಬಂಡಿ, ಒಂದು ಕೇರಂ ಬೋರ್ಡು. ಹುಡುಗಿ ಬಂದು ಅಪ್ಪನ ಎದುರು ಕೈಕಟ್ಟಿ ನಿಂತಳು. ಅವನು ತುಳುವಿನಲ್ಲಿ ಏನೋ ಕೇಳಿದ. ಅವಳು ಹಿಂದಿಯಲ್ಲಿ ಉತ್ತರಿಸಿದಳು.

"ಇಷ್ಟು ದಿನ ಎಲ್ಲಿದ್ರಿ ಪಪ್ಪಾ?"

"ಕೋರ್ಟಿನಲ್ಲಿ ಒಂದು ಕೇಸ್ ಇತ್ತು."

"ಯಾರು ಗೆದ್ರು?"

ಅವನು ನನ್ನ ಮುಖ ನೋಡಿದ. ನಾನು ಬಾಗಿಲ ಬಳಿ ಸಹಿ ಹಾಕುತ್ತಿದ್ದ ನನ್ನ ಜೂನಿಯರನ್ನು ತೋರಿಸಿ, "ಇವರು ಗೆದ್ರು," ಎಂದೆ. ಅವಳ ಪೆನ್ನು ನಿಂತಿತು.

"ಅಂದ್ರೆ ಪಪ್ಪಾ ಸೋತ್ರಾ?"

"ಇಲ್ಲ. ಪಪ್ಪಾನೂ ಗೆದ್ರು."

"ಮತ್ತೆ ಸೋತದ್ದು ಯಾರು?"

ಕೋಣೆಯಲ್ಲಿದ್ದ ಮೂವರು ದೊಡ್ಡವರಿಗೂ ಉತ್ತರ ಗೊತ್ತಿತ್ತು. ಹುಡುಗಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆಮೇಲೆ ಕೂದಲನ್ನು ತುದಿ ಹೊರಕ್ಕೆ ಬಾಗಿದ ಆ ಕಿವಿಯ ಹಿಂದಕ್ಕೆ ಸರಿಸಿಕೊಂಡು ಕೇರಂ ಬೋರ್ಡಿನ ಮುಂದೆ ಕೂತಳು.